ಗದ್ದಲಗಾರರನ್ನು ಹೊರಗೆ ಹಾಕುವ ಮುನ್ನ



ನಿಮ್ಮಲ್ಲಿ ಹಲವರು ಈಗಾಗಲೇ ಯಾವುದಾದರೊಂದು ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಆಗಿರಬಹುದು. ಅದು ತರಗತಿಯ ಗುಂಪಾಗಿರಬಹುದು, ಕ್ರಿಕೆಟ್ ತಂಡದ ಗುಂಪಾಗಿರಬಹುದು, ಊರಿನ ಗೆಳೆಯರ ಗುಂಪೂ ಆಗಿರಬಹುದು. ಆ ಗುಂಪಿನಲ್ಲಿ ಒಬ್ಬರು ದಿನವೂ ಸಂಬಂಧವಿಲ್ಲದ ಮಾತು ಹಾಕುತ್ತಾರೆ, ಯಾರು ಏನೆಂದರೂ ಕೊಂಕು ತೆಗೆಯುತ್ತಾರೆ, ಜಗಳ ಎಬ್ಬಿಸುತ್ತಾರೆ. ಒಂದು ಸಂಜೆ ನೀವು ಬೇಸತ್ತು ಅವರ ಹೆಸರಿನ ಮೇಲೆ ಬೆರಳಿಟ್ಟು ಅವರನ್ನು ಗುಂಪಿನಿಂದ ತೆಗೆದುಹಾಕುತ್ತೀರಿ. ಎರಡು ಸೆಕೆಂಡಿನ ಕೆಲಸ. ಕಾರಣ ಬರೆಯಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ, ಎಷ್ಟು ದಿನದ ಮಟ್ಟಿಗೆ ಎಂದು ಹೇಳಬೇಕಾಗಿಲ್ಲ.

ಒಬ್ಬ ಮನುಷ್ಯನನ್ನು ಹತ್ತು ಜನರ ಮಾತಿನಿಂದ ಹೊರಗಿಡುವ ಈ ಅಧಿಕಾರ ಹೊಸದೇನಲ್ಲ. ಹಿಂದೆ ಅದು ಗ್ರಾಮಸಭೆಗಳ ಕೈಯಲ್ಲಿತ್ತು, ಊರ ಯಜಮಾನರ ಕೈಯಲ್ಲಿತ್ತು, ದಿವಾನರ ಕೈಯಲ್ಲಿತ್ತು. ಇಂದಿಗೂ ಶಾಸನಸಭೆಯ ಅಧ್ಯಕ್ಷರ ಕೈಯಲ್ಲಿದೆ. ಅವರು ಅದನ್ನು ಹೇಗೆ ಬಳಸಿದರು, ಎಲ್ಲಿ ಎಡವಿದರು ಎಂಬುದು ಇತಿಹಾಸದಲ್ಲಿ ದಾಖಲಾಗಿದೆ. ಆ ಇತಿಹಾಸವನ್ನು ಓದಲು ನೀವು ದೂರ ಹೋಗಬೇಕಾಗಿಲ್ಲ. ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ - ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿಬಂದರೆ ಅದರ ಮುಖ್ಯ ಅಧ್ಯಾಯಗಳೆಲ್ಲ ಸಿಗುತ್ತವೆ. ಬನ್ನಿ, ಒಂದೊಂದಾಗಿ ನೋಡೋಣ.

ಗದ್ದಲ ಎಂದರೇನು?

ಮೊದಲು ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆ ಟೊಮ್ಯಾಟೊ ವ್ಯಾಪಾರಕ್ಕೆ ದೇಶದಲ್ಲೇ ಹೆಸರಾದದ್ದು. ಬೆಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಹದಿನೈದು ಕಿಲೋ ಬಾಕ್ಸಿಗೆ ಇಂದು ಎಷ್ಟು ಎಂದು ತಿಳಿಯಲು ಇನ್ನೂರು ರೈತರು ಸೇರಿ ಒಂದು ಗುಂಪು ಮಾಡಿಕೊಂಡಿದ್ದಾರೆ ಎನ್ನೋಣ. ಅದರಲ್ಲಿ ಒಬ್ಬರು ದಿನಕ್ಕೆ ನಲವತ್ತು ಚಿತ್ರ ಹಾಕುತ್ತಾರೆ. ಶುಭೋದಯದ ಹೂವು, ಯಾವುದೋ ಪಕ್ಷದ ಬೈಗುಳ, ಎರಡು ವರ್ಷ ಹಳೆಯ ಅಪಘಾತದ ವೀಡಿಯೊ ಎಲ್ಲವೂ ಅದರಲ್ಲಿರುತ್ತವೆ. ಮುಳಬಾಗಿಲಿನ ಕಡೆಯ ರೈತನೊಬ್ಬ ಲಾರಿಗೆ ಮಾಲು ಹೇರುವ ಮುಂಚೆ ಬೆಲೆ ಹುಡುಕುತ್ತಾನೆ. ಅದು ನಲವತ್ತು ಚಿತ್ರಗಳ ಕೆಳಗೆ ಹೂತುಹೋಗಿದೆ.

ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಸಂಕೇತ ಮತ್ತು ಸದ್ದು ಎಂದು ಓದಿರುತ್ತೀರಿ. ರೇಡಿಯೋದಲ್ಲಿ ನಿಲಯದ ಧ್ವನಿ ಸಂಕೇತ. ಕರಕರ ಎನ್ನುವುದು ಸದ್ದು. ಸದ್ದು ಹೆಚ್ಚಿದಷ್ಟೂ ಸಂಕೇತ ಅಲ್ಲಿಯೇ ಇದ್ದರೂ ಕಿವಿಗೆ ತಲುಪುವುದಿಲ್ಲ. ಆದ್ದರಿಂದ ಗದ್ದಲಗಾರರು ಯಾರ ಬಾಯನ್ನೂ ನೇರವಾಗಿ ಮುಚ್ಚದಿದ್ದರೂ ಉಳಿದ ಎಲ್ಲರ ಮಾತನ್ನೂ ಮುಚ್ಚಿಬಿಡುತ್ತಾರೆ. ಅವರನ್ನು ತಡೆಯುವುದೇ ತಪ್ಪು ಎನ್ನುವವರು ಆ ರೈತನ ಕಡೆಯಿಂದಲೂ ಒಮ್ಮೆ ನೋಡಬೇಕು.

ಸ್ಟುಡಿಯೋದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಸದ್ದೂ ಪರಿಚಿತ. ಸ್ಪೀಕರಿನ ಎದುರು ಮೈಕು ಇಟ್ಟರೆ ಅದು ಕಿರುಚತೊಡಗುತ್ತದೆ. ಸ್ಪೀಕರಿನಿಂದ ಬಂದ ಶಬ್ದ ಮೈಕಿಗೆ ಹೋಗಿ, ಅಲ್ಲಿಂದ ದೊಡ್ಡದಾಗಿ ಮತ್ತೆ ಸ್ಪೀಕರಿಗೆ ಬಂದು, ಸುತ್ತಿ ಸುತ್ತಿ ಬೆಳೆಯುತ್ತದೆ. ಗುಂಪಿನ ಜಗಳವೂ ಹೀಗೆಯೇ. ಕೆಣಕುವವನ ಮಾತಿಗೆ ಹತ್ತು ಜನ ಉತ್ತರ ಕೊಟ್ಟರೆ ಆ ಹತ್ತು ಉತ್ತರಗಳೇ ಅವನ ಮುಂದಿನ ಮಾತಿಗೆ ಮೇವು. ಶಬ್ದ ತಂತ್ರಜ್ಞ ಮೈಕನ್ನು ಕಿತ್ತು ಬಿಸಾಡುವುದಿಲ್ಲ. ಮೊದಲು ಗುಂಡಿ ತಿರುಗಿಸಿ ಶಬ್ದ ತಗ್ಗಿಸುತ್ತಾನೆ, ಮೈಕಿನ ಮುಖವನ್ನು ಆಚೆ ತಿರುಗಿಸುತ್ತಾನೆ. ಅದೂ ಆಗದಿದ್ದರೆ ಮಾತ್ರ ತಂತಿ ಕಳಚುತ್ತಾನೆ. ಈ ಕ್ರಮವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಂಪ್ಯೂಟರ್ ಗುಂಪುಗಳ ಮೊದಲ ಪಾಠ

ಕಂಪ್ಯೂಟರ್ ಮೂಲಕ ಚರ್ಚೆ ನಡೆಸುವ ಗುಂಪುಗಳು ವಾಟ್ಸ್‌ಆ್ಯಪಿಗಿಂತ ಮೂವತ್ತು ವರ್ಷ ಹಿರಿಯವು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್, ಯೂಸ್‌ನೆಟ್ ಎಂಬ ವ್ಯವಸ್ಥೆಯನ್ನು ಯೋಚಿಸಿದರು. ಮರುವರ್ಷ ಅದು ನಡೆಯತೊಡಗಿತು. ಅದರಲ್ಲಿ ವಿಜ್ಞಾನ, ಸಂಗೀತ, ಅಡುಗೆ, ರಾಜಕೀಯ ಹೀಗೆ ವಿಷಯಕ್ಕೊಂದು ಗುಂಪು. ಒಂದೆಡೆ ಬರೆದದ್ದು ಊರೂರಿನ ಕಂಪ್ಯೂಟರುಗಳಿಗೆ ಹರಡುತ್ತಿತ್ತು. ಇಡೀ ವ್ಯವಸ್ಥೆಗೆ ಒಬ್ಬ ಯಜಮಾನ ಇರಲಿಲ್ಲ. ಹಾಗಾಗಿ ಕಿರುಕುಳ ಕೊಡುವವರನ್ನು ಏನು ಮಾಡಬೇಕೆಂಬ ಪ್ರಶ್ನೆ ಬೇಗನೆ ಎದ್ದಿತು.

ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು ಸ್ವಾರಸ್ಯಕರವಾದದ್ದು. 1984ರಲ್ಲಿ ಲ್ಯಾರಿ ವಾಲ್ ಎಂಬ ತಂತ್ರಜ್ಞರು ಈ ಸಂದೇಶಗಳನ್ನು ಓದಲು ಒಂದು ಪ್ರೋಗ್ರಾಂ ಬರೆದರು. ಅದರಲ್ಲಿ 'ಕಿಲ್ ಫೈಲ್' ಎಂಬ ಪಟ್ಟಿಯೊಂದಿತ್ತು. ನಿಮಗೆ ಬೇಡವಾದ ಹೆಸರನ್ನೋ ವಿಷಯವನ್ನೋ ಅದರಲ್ಲಿ ಬರೆದಿಟ್ಟರೆ ಅಂಥ ಸಂದೇಶಗಳು ನಿಮ್ಮ ಪರದೆಯ ಮೇಲೆ ಬರುತ್ತಲೇ ಇರಲಿಲ್ಲ. ಬರೆದವನ ಹಕ್ಕು ಹೋಗಲಿಲ್ಲ, ಓದಬೇಕೆನ್ನುವವರು ಓದಬಹುದಿತ್ತು. ನೀವು ಮಾತ್ರ ನಿಮ್ಮ ಕಿಟಕಿ ಮುಚ್ಚಿಕೊಂಡಿರಿ. ಇದರ ಜೊತೆಗೆ ಕೆಲವು ಗುಂಪುಗಳಲ್ಲಿ ನಿರ್ವಾಹಕರಿದ್ದರು. ಸಂದೇಶ ಮೊದಲು ಅವರ ಕೈಗೆ ಹೋಗಿ, ವಿಷಯಕ್ಕೆ ಸಂಬಂಧಪಟ್ಟಿದ್ದರೆ ಮಾತ್ರ ಪ್ರಕಟವಾಗುತ್ತಿತ್ತು.

1994ರ ಏಪ್ರಿಲ್‌ನಲ್ಲಿ ಈ ಏರ್ಪಾಟಿಗೆ ದೊಡ್ಡ ಪೆಟ್ಟು ಬಿತ್ತು. ಅರಿಜೋನಾದ ವಕೀಲ ದಂಪತಿಗಳು, ಅಮೆರಿಕದಲ್ಲಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಲಾಟರಿ ಬಗ್ಗೆ ತಮ್ಮ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಒಂದೇ ಏಟಿಗೆ ಸುರಿದರು. ಪ್ರತಿಯೊಬ್ಬರೂ ತಮ್ಮ ಕಿಟಕಿ ಮುಚ್ಚಿಕೊಂಡರೆ ಸಾಲದು, ಬೀದಿಯ ಬಾಗಿಲಿಗೂ ಕಾವಲು ಬೇಕು ಎಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ನಮ್ಮ ದೇಶದ ಸಾರ್ವಜನಿಕರಿಗೆ ವಿ.ಎಸ್.ಎನ್.ಎಲ್. ಮೂಲಕ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ನಮಗೆ ಇಂಟರ್‌ನೆಟ್ ಸಿಗುವ ಹೊತ್ತಿಗೆ ಈ ತಕರಾರು ಆಗಲೇ ಬೆಳೆದು ನಿಂತಿತ್ತು.

ಆದರೆ ಬಾಗಿಲಿಗೆ ಕಾವಲು ಇಡುವುದೆಂದರೆ ಯಾರನ್ನು ಇಡುವುದು? ಆತ ಯಾವ ನಿಯಮದಂತೆ ನಡೆಯಬೇಕು? ಇದಕ್ಕೆ ಕಂಪ್ಯೂಟರಿನ ಇತಿಹಾಸ ಸಾಲದು. ಮನುಷ್ಯರ ಸಭೆಗಳ ಇತಿಹಾಸಕ್ಕೆ ಹೋಗಬೇಕು.

ಕೋಲಾರ: ಕಲ್ಲಿನ ಮೇಲಿನ ನಿಯಮ

ಕೋಲಾರದ ಹಳೆಯ ಹೆಸರು ಕುವಲಾಲ. ಗಂಗರಸರು ತಮ್ಮನ್ನು ಕುವಲಾಲಪುರದ ಒಡೆಯರೆಂದು ಕರೆದುಕೊಂಡರು. ಕ್ರಿ.ಶ. 1004ರ ಸುಮಾರಿಗೆ ಚೋಳರು ಗಂಗರನ್ನು ಸೋಲಿಸಿದ ಮೇಲೆ, 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಅವರನ್ನು ಹೊರದೂಡುವವರೆಗೆ, ಈ ಸೀಮೆ ಚೋಳರ ಆಡಳಿತದಲ್ಲಿತ್ತು. ಕೋಲಾರಮ್ಮನ ಗುಡಿಗೆ ಹೋದಾಗ ಗೋಡೆಗಳನ್ನು ಗಮನಿಸಿ. ಆ ಕಾಲದ ತಮಿಳು ಶಾಸನಗಳು ಅಲ್ಲಿವೆ. ಆಗ ಆಡಳಿತದ ಮಾತನ್ನು ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದರು.

ಅದೇ ತಮಿಳು ದೇಶದ ಗ್ರಾಮಸಭೆಗಳು ತಮ್ಮ ನಡವಳಿಕೆಯ ನಿಯಮಗಳನ್ನೂ ಕಲ್ಲಿಗೆ ಹಾಕಿದವು. ಕಾಂಚೀಪುರದ ಬಳಿಯ ಉತ್ತರಮೇರೂರಿನಲ್ಲಿ ಚೋಳ ಪರಾಂತಕನ ಕಾಲದ, ಕ್ರಿ.ಶ. 919 ಮತ್ತು 921ರ ಎರಡು ಶಾಸನಗಳಿವೆ. ಸಮಿತಿಗಳಿಗೆ ಯಾರು ಆಯ್ಕೆಯಾಗಬಹುದು, ಯಾರು ಆಗಬಾರದು ಎಂಬ ಪಟ್ಟಿ ಅವುಗಳಲ್ಲಿದೆ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರು ಮತ್ತೆ ಬರುವಂತಿರಲಿಲ್ಲ. ಈ ಶಾಸನ ನಿಮ್ಮ ಪಠ್ಯಪುಸ್ತಕದಲ್ಲೂ ಬಂದಿರಬಹುದು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ತಿರುನೆಲ್ವೇಲಿ ಬಳಿಯ ಮಾನೂರಿನ ಶಾಸನ. ಇದು ಪಾಂಡ್ಯರ ಕಾಲದ್ದು, ಸುಮಾರು ಕ್ರಿ.ಶ. 800ರದು. ಸಭೆಯ ಮುಂದೆ ಬಂದ ಪ್ರತಿಯೊಂದು ಸಲಹೆಗೂ ಬರಿದೇ 'ಬೇಡ, ಬೇಡ' ಎನ್ನುತ್ತ ಕೆಲಸ ಕೆಡಿಸುವವರ ಬಗ್ಗೆ ಅದರಲ್ಲಿ ಒಂದು ನಿಯಮವಿದೆ. ಹಾಗೆ ಮಾಡುವವರೂ ಅವರಿಗೆ ಬೆಂಬಲ ಕೊಡುವವರೂ ಐದು ಕಾಸು ದಂಡ ಕೊಡಬೇಕು. ದಂಡ ಕೊಟ್ಟ ಮೇಲೂ ಅದೇ ನಿಯಮಗಳಿಗೆ ಒಳಪಟ್ಟು ನಡೆಯಬೇಕು. ಸಾವಿರದಿನ್ನೂರು ವರ್ಷಗಳ ಹಿಂದೆಯೂ ಗುಂಪಿಗೊಬ್ಬ ತಲೆಹರಟೆ ಇದ್ದನೆಂದು ಓದಿದಾಗ ನಗು ಬರುತ್ತದೆ, ಅಲ್ಲವೇ?

ಈ ನಿಯಮವನ್ನು ಸ್ವಲ್ಪ ಬಿಡಿಸಿ ನೋಡಿ. ಮೊದಲನೆಯದಾಗಿ, ತಪ್ಪು ಯಾವುದೆಂದು ಮುಂಚೆಯೇ ಬರೆದಿಟ್ಟಿದ್ದಾರೆ. ಎರಡನೆಯದಾಗಿ, ವಿರೋಧ ಮಾಡಿದ್ದು ತಪ್ಪಲ್ಲ. ವಿಷಯ ನೋಡದೆ ಎಲ್ಲಕ್ಕೂ ಅಡ್ಡಗಾಲು ಹಾಕುವುದು ತಪ್ಪು. ಮೂರನೆಯದಾಗಿ, ಶಿಕ್ಷೆಗೆ ಒಂದು ಅಳತೆಯಿದೆ. ದಂಡ ತೆತ್ತವನು ಸಭೆಯಲ್ಲಿ ಉಳಿಯುತ್ತಾನೆ. ಆದರೆ ಇದೇ ಸಭೆಗಳಿಗೆ ಇನ್ನೊಂದು ಮುಖವೂ ಇತ್ತು. ಅಲ್ಲಿ ಕೂರುತ್ತಿದ್ದವರು ಭೂಮಿಯಿದ್ದ ಬ್ರಾಹ್ಮಣ ಗಂಡಸರು. ಊರಿನ ಉಳುವವರು, ಕುಶಲಕರ್ಮಿಗಳು, ಹೆಂಗಸರು 'ಬೇಡ' ಎನ್ನುವ ಮಾತೇ ಏಳುತ್ತಿರಲಿಲ್ಲ. ಅವರಿಗೆ ಬಾಗಿಲೇ ತೆರೆದಿರಲಿಲ್ಲ. ಆ ಮುಖವನ್ನು ನಾವು ಮಾಲೂರಿನಲ್ಲಿ ಮತ್ತೆ ನೋಡುತ್ತೇವೆ.

ಮುಳಬಾಗಿಲು: ಸರ್ಕಾರವೇ ಬಾಗಿಲು ಕಾದಾಗ

ಮುಳಬಾಗಿಲು ಎಂದೊಡನೆ ನಿಮಗೆ ಡಿ.ವಿ.ಜಿ. ನೆನಪಾಗುತ್ತಾರೆ. ಡಿ.ವಿ. ಗುಂಡಪ್ಪನವರು ಅಲ್ಲಿ ಹುಟ್ಟಿದ್ದು 1887ರಲ್ಲಿ. ನಾವು ಅವರನ್ನು ಕವಿಯೆಂದು ಓದುತ್ತೇವೆ. ಅವರು ಅನ್ನಕ್ಕಾಗಿ ಹಿಡಿದ ವೃತ್ತಿ ಪತ್ರಿಕೆಯದು. ಅವರಿಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, 1908ರಲ್ಲಿ, ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ವೃತ್ತಪತ್ರಿಕೆಗಳ ಕಾನೂನನ್ನು ತಂದಿತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲ, ಕೊಟ್ಟ ಅನುಮತಿಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದು ಎಂಬುದು ಅದರ ತಿರುಳು.

ಆಗಿನ ಪತ್ರಿಕೆಗಳಲ್ಲಿ ಒರಟು ಮಾತು ಇರಲಿಲ್ಲವೆಂದೇನೂ ಅಲ್ಲ. ಅಧಿಕಾರಿಗಳ ಮೇಲೆ ಹರಿಹಾಯುವ ಬರಹಗಳು ಬರುತ್ತಿದ್ದವು. ಆದರೆ ಒರಟು ಮಾತನ್ನು ತಡೆಯಲು ಹೊರಟ ಸರ್ಕಾರ, ಯಾವುದು ಒರಟು ಎಂದು ತೀರ್ಮಾನಿಸುವ ಹಕ್ಕನ್ನೂ ತಾನೇ ಇಟ್ಟುಕೊಂಡಿತು. ಟೀಕೆಗೆ ಗುರಿಯಾದವರೇ ಟೀಕಾಕಾರರ ನ್ಯಾಯಾಧೀಶರಾದರು. 'ತಾತಯ್ಯ' ಎಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಡಿ.ವಿ.ಜಿ. ಈ ವೃತ್ತಿಯನ್ನು ಬಿಡಲಿಲ್ಲ. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು. ಮುಂದೆ 1945ರಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು, ಸಾರ್ವಜನಿಕ ಪ್ರಶ್ನೆಗಳನ್ನು ಜನ ಕೂತು ಓದಿ ಚರ್ಚಿಸುವ ಜಾಗ ಬೇಕು ಎಂಬ ನಂಬಿಕೆಯಿಂದ.

ಇಲ್ಲಿ ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಗುಂಪಿನಿಂದ ನೀವು ತೆಗೆದುಹಾಕಿದವರು ಎಲ್ಲರ ಮಾತು ಕೆಡಿಸುತ್ತಿದ್ದರೇ, ಅಥವಾ ಅಡ್ಮಿನ್ನರಾದ ನಿಮ್ಮನ್ನು ಟೀಕಿಸುತ್ತಿದ್ದರೇ? ಕ್ರಿಕೆಟ್ ತಂಡದ ಚಂದಾ ಹಣದ ಲೆಕ್ಕ ಕೇಳಿದವನು ನಿಮಗೆ ಕಿರಿಕಿರಿ ಎನಿಸಬಹುದು. ಉತ್ತರಮೇರೂರಿನವರಾಗಿದ್ದರೆ ಹೊರಗೆ ಕಳಿಸುತ್ತಿದ್ದುದು ಲೆಕ್ಕ ಕೊಡದವನನ್ನು.

ಮಾಲೂರು: ಬಹಿಷ್ಕಾರದ ನೆರಳು

ಮೂರನೆಯ ಅಧ್ಯಾಯ ಓದಲು ಕಷ್ಟವಾದದ್ದು. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಗ್ರಾಮದೇವತೆಯ ಉತ್ಸವ ನಡೆಯುತ್ತಿತ್ತು. ನಿಮ್ಮ ವಯಸ್ಸಿನವನೇ ಆದ, ಹದಿನೈದು ವರ್ಷದ ದಲಿತ ಹುಡುಗನೊಬ್ಬ ದೇವರಿಗೆ ಸೇರಿದ ಕೋಲನ್ನು ಮುಟ್ಟಿದ. ಊರಿನ ಕೆಲವರು ಸೇರಿ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ದಂಡ ಕಟ್ಟದಿದ್ದರೆ ಊರು ಬಿಡಬೇಕೆಂದರು. ಸುದ್ದಿ ಹೊರಬಂದು ದೇಶದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಪೊಲೀಸ್ ಪ್ರಕರಣ ದಾಖಲಾಯಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿ ಆಗಲೇ ಎಪ್ಪತ್ತೆರಡು ವರ್ಷಗಳಾಗಿದ್ದವು.

ಮಾನೂರಿನ ಐದು ಕಾಸಿಗೂ ಈ ಅರವತ್ತು ಸಾವಿರಕ್ಕೂ ಇರುವ ವ್ಯತ್ಯಾಸವನ್ನು ಯೋಚಿಸಿ. ಆ ಹುಡುಗ ಯಾರ ಮಾತನ್ನೂ ಕೆಡಿಸಿರಲಿಲ್ಲ. ಬೇರೆ ಹುಡುಗನೊಬ್ಬ ಅದೇ ಕೋಲನ್ನು ಮುಟ್ಟಿದ್ದರೆ ಯಾರೂ ಗಮನಿಸುತ್ತಲೂ ಇರಲಿಲ್ಲ. ಅಂದರೆ ಇಲ್ಲಿ ತೀರ್ಪು ಬಂದದ್ದು ನಡತೆಯ ಮೇಲಲ್ಲ, ಹುಟ್ಟಿನ ಮೇಲೆ. ಬಹಿಷ್ಕಾರ ಎಂಬ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಇದ್ದ ಅರ್ಥ ಇದೇ. ನೀರು, ಬೆಂಕಿ, ಅಂಗಡಿ, ಕೂಲಿ, ಮಾತು ಎಲ್ಲವನ್ನೂ ನಿಲ್ಲಿಸುವುದು. ಅದರ ಕ್ರೌರ್ಯವನ್ನು ಕಂಡೇ ಮಹಾರಾಷ್ಟ್ರದ ಶಾಸನಸಭೆ ಸಾಮಾಜಿಕ ಬಹಿಷ್ಕಾರದ ವಿರುದ್ಧ 2016ರಲ್ಲಿ ಪ್ರತ್ಯೇಕ ಕಾನೂನನ್ನು ಅಂಗೀಕರಿಸಿತು.

ಫೋನಿನ ಗುಂಪಿನಿಂದ ಒಬ್ಬರನ್ನು ತೆಗೆಯುವುದು ಇಷ್ಟು ದೊಡ್ಡ ಸಂಗತಿಯಲ್ಲ ಎಂದು ನೀವು ಹೇಳಬಹುದು. ಬಹುಮಟ್ಟಿಗೆ ನಿಜ. ಆದರೆ ಊರಿನ ಗುಂಪಿನಲ್ಲಿ ನಲ್ಲಿ ನೀರು ಯಾವಾಗ ಬರುತ್ತದೆ, ರೇಷನ್ ಎಂದು ಕೊಡುತ್ತಾರೆ, ಸಭೆ ಎಷ್ಟು ಗಂಟೆಗೆ ಎಂಬ ಸುದ್ದಿಯೆಲ್ಲ ಬರುತ್ತದೆ. ಕಾಲೇಜಿನ ಗುಂಪಿನಲ್ಲಿ ಪರೀಕ್ಷೆಯ ದಿನಾಂಕ ಬರುತ್ತದೆ. ಅಲ್ಲಿಂದ ಹೊರಬಿದ್ದವರಿಗೆ ಮಾತಿನ ಜೊತೆಗೆ ಮಾಹಿತಿಯೂ ನಿಂತುಹೋಗುತ್ತದೆ. ಇನ್ನೊಂದು ಮಾತು. ಈ ಗಡಿ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಕೆಲವೆಡೆ ತಮಿಳು, ಉರ್ದು ಮನೆಮಾತು. ಒಬ್ಬರ ಬರಹ ನಿಮಗೆ ಒರಟೆಂದು ಕಂಡರೆ, ಅದು ಕನ್ನಡ ಬರೆದು ಅಭ್ಯಾಸವಿಲ್ಲದವರ ತೊಡಕೋ ನಿಜವಾದ ಕೆಣಕೋ ಎಂದು ಎರಡು ಸಲ ಓದಿ. ತೆಗೆಯುವ ಮುನ್ನ ಈ ಪರೀಕ್ಷೆ ಮಾಡಿ: ನನಗೆ ಬೇಕಾದವರು ಇದೇ ಮಾತನ್ನು ಬರೆದಿದ್ದರೆ ಅವರನ್ನೂ ತೆಗೆಯುತ್ತಿದ್ದೆನೇ?

ಶ್ರೀನಿವಾಸಪುರ: ಅಧ್ಯಕ್ಷರ ಪೀಠ

ಮಾತಿನ ಮನೆಗೆ ಕಾವಲುಗಾರ ಬೇಕು ಎಂಬುದನ್ನು ಒಪ್ಪಿ, ಆ ಕಾವಲುಗಾರನಿಗೂ ನಿಯಮ ಹಾಕಿದ ಜಾಗವೆಂದರೆ ಶಾಸನಸಭೆ. ಶ್ರೀನಿವಾಸಪುರದಿಂದ ಹಲವು ಬಾರಿ ಆಯ್ಕೆಯಾದ ಕೆ.ಆರ್. ರಮೇಶ್ ಕುಮಾರ್ ಅವರು 1994ರಿಂದ 1999ರವರೆಗೆ, ಮತ್ತೆ 2018-19ರಲ್ಲಿ ಕರ್ನಾಟಕ ವಿಧಾನಸಭೆಯ ಅಧ್ಯಕ್ಷರಾಗಿದ್ದರು. 2019ರ ಜುಲೈನಲ್ಲಿ ಅವರು ಹದಿನೇಳು ಶಾಸಕರನ್ನು ಪಕ್ಷಾಂತರದ ಕಾರಣಕ್ಕೆ ಅನರ್ಹಗೊಳಿಸಿದರು. ಅದು ಗದ್ದಲದ ಪ್ರಕರಣವಲ್ಲ, ಆದರೆ ಹೊರಗೆ ಹಾಕುವ ಅಧಿಕಾರದ ಎಲ್ಲೆ ಎಲ್ಲಿದೆ ಎಂಬುದನ್ನು ಅದು ತೋರಿಸಿತು. ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ, ಅಂದರೆ 2023ರವರೆಗೆ, ಅವರು ಚುನಾವಣೆಗೆ ನಿಲ್ಲುವಂತಿಲ್ಲ ಎಂದೂ ಆದೇಶದಲ್ಲಿತ್ತು. ಅನರ್ಹರಾದವರು ಸುಪ್ರೀಂ ಕೋರ್ಟಿಗೆ ಹೋದರು. 2019ರ ನವೆಂಬರ್ 13ರಂದು ಬಂದ ತೀರ್ಪು ಎರಡು ಭಾಗದ್ದು. ಅನರ್ಹತೆ ಸರಿ ಎಂದು ನ್ಯಾಯಾಲಯ ಎತ್ತಿಹಿಡಿಯಿತು. 2023ರವರೆಗಿನ ನಿಷೇಧವನ್ನು ಮಾತ್ರ ತೆಗೆದುಹಾಕಿತು. ಹೊರಗೆ ಕಳಿಸುವ ಅಧಿಕಾರವಿದೆ, ಎಷ್ಟು ಕಾಲ ಎಂಬುದನ್ನು ಮನಬಂದಂತೆ ನಿರ್ಧರಿಸುವ ಅಧಿಕಾರವಿಲ್ಲ ಎಂಬುದು ಇದರಿಂದ ನಾವು ತಿಳಿಯಬೇಕಾದ ವಿಚಾರ.

ಗದ್ದಲದ ಪ್ರಕರಣವನ್ನೇ ನೋಡಬೇಕೆಂದರೆ ನೆರೆಯ ಮಹಾರಾಷ್ಟ್ರಕ್ಕೆ ಹೋಗೋಣ. 2021ರ ಜುಲೈ 5ರಂದು ಅಲ್ಲಿನ ವಿಧಾನಸಭೆ ಅನುಚಿತ ವರ್ತನೆಗಾಗಿ ಹನ್ನೆರಡು ಶಾಸಕರನ್ನು ಒಂದು ವರ್ಷ ಅಮಾನತು ಮಾಡಿತು. 2022ರ ಜನವರಿ 28ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಅಮಾನತು ಇರುವುದು ಸಭೆಯಲ್ಲಿ ಶಿಸ್ತನ್ನು ಮರಳಿ ತರಲು. ಆ ಅಧಿವೇಶನ ಮುಗಿದ ಮೇಲೆ ಅದನ್ನು ಮುಂದುವರಿಸಲು ಕಾರಣವಿಲ್ಲ ಎಂಬುದು ತೀರ್ಪಿನ ಸಾರ. ಜೊತೆಗೆ ಇನ್ನೊಂದು ಯೋಚನೆಯೂ ಇತ್ತು. ಶಾಸಕನನ್ನು ಉಚ್ಚಾಟಿಸಿದರೆ ಮರುಚುನಾವಣೆಯಾದರೂ ನಡೆಯುತ್ತದೆ. ವರ್ಷಗಟ್ಟಲೆ ಅಮಾನತಿನಲ್ಲಿಟ್ಟರೆ ಅವನನ್ನು ಆರಿಸಿದ ಜನರಿಗೆ ಸಭೆಯಲ್ಲಿ ಬಾಯಿಯೇ ಇಲ್ಲದಂತಾಗುತ್ತದೆ.

2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲೂ ಹದಿನೆಂಟು ವಿರೋಧ ಪಕ್ಷದ ಶಾಸಕರು ಆರು ತಿಂಗಳ ಮಟ್ಟಿಗೆ ಅಮಾನತಾದರು. ಅಧ್ಯಕ್ಷರ ಪೀಠದ ಬಳಿಗೇರಿ ಕಾಗದ ಎಸೆದದ್ದು, ಮಾರ್ಷಲ್‌ಗಳು ಶಾಸಕರನ್ನು ಹೊತ್ತು ಹೊರಗೆ ತಂದದ್ದು ಎಲ್ಲವನ್ನೂ ನೀವು ಟೆಲಿವಿಷನ್ನಿನಲ್ಲಿ ನೋಡಿರಬಹುದು. ಅದೇ ವರ್ಷದ ಮೇ ತಿಂಗಳಲ್ಲಿ ಆ ಅಮಾನತನ್ನು ಹಿಂತೆಗೆದುಕೊಳ್ಳಲಾಯಿತು. ಯಾರದು ಸರಿ, ಯಾರದು ತಪ್ಪು ಎಂಬ ಚರ್ಚೆಯನ್ನು ನಿಮಗೆ ಬಿಡುತ್ತೇನೆ. ಗಮನಿಸಬೇಕಾದದ್ದು ಇಷ್ಟು: ಅಲ್ಲಿ ಆದೇಶಕ್ಕೆ ಕಾರಣವಿತ್ತು, ಅವಧಿಯಿತ್ತು, ಅದು ಎಲ್ಲರ ಎದುರು ಬಹಿರಂಗವಾಗಿ ನಡೆಯಿತು, ಹಿಂತೆಗೆದುಕೊಳ್ಳಲು ದಾರಿಯೂ ಇತ್ತು.

ಮತ್ತೆ ಫೋನಿನ ಪರದೆಗೆ

ಇಷ್ಟೆಲ್ಲ ಹೇಳಿದ ಮೇಲೆ, ಯಾರನ್ನೂ ತಡೆಯಲೇಬಾರದು ಎಂದು ನೀವು ತಿಳಿಯಬಾರದು. 2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಕರ್ನಾಟಕದ ಫೋನುಗಳಲ್ಲಿ ಹರಿದಾಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ಅಮಾಯಕನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯ ಬಳಿ, ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರೊಬ್ಬನಿಗೂ ಅದೇ ಗತಿಯಾಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿ ಹಾಕಲಾರಂಭಿಸಿತು. ಅಂಥ ಸಂದೇಶ ನಿಮ್ಮ ಗುಂಪಿಗೆ ಬಂದಾಗ ನಿಯಮ ಹುಡುಕುತ್ತ ಕೂರುವಂತಿಲ್ಲ. ತಕ್ಷಣ ಅಳಿಸಬೇಕು, ಸುಳ್ಳೆಂದು ಹೇಳಬೇಕು, ಹಾಕಿದವರನ್ನು ತಡೆಯಬೇಕು. ಪ್ರಾಣಕ್ಕೆ ಅಪಾಯವಿರುವಾಗ ಮೊದಲು ತಂತಿ ಕಳಚುವುದೇ ಸರಿ.

ಅಡ್ಮಿನ್ನರಿಗೆ ಇರುವ ಜವಾಬ್ದಾರಿ ಎಷ್ಟು? 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟ್ ಇದಕ್ಕೆ ಉತ್ತರ ಹೇಳಿತು. ಸದಸ್ಯರು ಹಾಕಿದ ತಪ್ಪು ಸಂದೇಶಕ್ಕೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅವರನ್ನು ಅಪರಾಧಿಯೆನ್ನಲಾಗದು. ಸದಸ್ಯರನ್ನು ಸೇರಿಸುವುದು, ತೆಗೆಯುವುದು ಅವರಿಗಿರುವ ವಿಶೇಷ ಅಧಿಕಾರ, ಅಷ್ಟೇ. ಆದ್ದರಿಂದ ಕೇವಲ ಭಯದಿಂದ ಕಂಡಕಂಡವರನ್ನು ತೆಗೆಯುವ ಅಗತ್ಯವಿಲ್ಲ.

ಸರ್ಕಾರದ ಮಟ್ಟದಲ್ಲಿ ಈ ಪ್ರಶ್ನೆ ಇನ್ನೂ ಬಿಸಿಯಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಂತೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮುಂತಾದ ಕಾರಣಗಳಿಗೆ ಕೇಂದ್ರ ಸರ್ಕಾರ ಇಂಟರ್‌ನೆಟ್ಟಿನ ಬರಹಗಳನ್ನು ತಡೆಯಬಹುದು. ಒಂದು ಬರಹವನ್ನು ತಡೆಯುವುದು ಸರಿ, ಬರೆದವರ ಖಾತೆಯನ್ನೇ ಮುಚ್ಚಿಸಬಹುದೇ ಎಂದು ಟ್ವಿಟರ್ ಕಂಪನಿ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತ್ತು. 2023ರ ಜೂನ್ 30ರಂದು ಏಕಸದಸ್ಯ ಪೀಠ, ಖಾತೆ ಮುಚ್ಚಿಸುವ ಅಧಿಕಾರವೂ ಇದೆ ಎಂದು ಹೇಳಿ ಅರ್ಜಿಯನ್ನು ವಜಾ ಮಾಡಿ, ಕಂಪನಿಗೆ 50 ಲಕ್ಷ ರೂಪಾಯಿ ವಿಧಿಸಿತು. ಆಡಿದ ಮಾತನ್ನು ತಡೆಯುವುದು ಬೇರೆ, ಮುಂದೆ ಆಡಬಹುದಾದ ಮಾತನ್ನೂ ತಡೆಯುವುದು ಬೇರೆ. ಇದರ ಬಗ್ಗೆ ನಿಮ್ಮ ಅಭಿಪ್ರಾಯವೇನು? 1908ರ ಕಾನೂನನ್ನು ಪಕ್ಕದಲ್ಲಿಟ್ಟುಕೊಂಡು ತರಗತಿಯಲ್ಲಿ ವಾದ ಮಾಡಿ ನೋಡಿ.

ಸಾವಿರಾರು ಅಪರಿಚಿತರು ಸೇರಿ ಬರೆಯುವ ವಿಕಿಪೀಡಿಯ ಈ ವಿಷಯದಲ್ಲಿ ಒಂದು ಒಳ್ಳೆಯ ಮಾದರಿ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಲೇಖನಗಳನ್ನು ಬೇಕೆಂದೇ ಕೆಡಿಸುವವರನ್ನು ಅಲ್ಲಿನ ನಿರ್ವಾಹಕರು ತಡೆಯಬಹುದು. ಹಾಗೆ ತಡೆದರೆ ಯಾರು ತಡೆದರು, ಯಾಕೆ, ಎಷ್ಟು ಕಾಲ ಎಂಬುದು ಎಲ್ಲರೂ ನೋಡಬಹುದಾದ ದಾಖಲೆಯಲ್ಲಿ ಸೇರುತ್ತದೆ. ತಡೆಗೊಳಗಾದವರು ಸಾಮಾನ್ಯವಾಗಿ ತಮ್ಮ ಚರ್ಚಾಪುಟದಲ್ಲಿ ಬರೆದು, ತಡೆ ತೆಗೆಯಿರಿ ಎಂದು ಕೇಳಬಹುದು. ಮುಂದಿನ ಹಾನಿಯನ್ನು ನಿಲ್ಲಿಸುವುದು ಇದರ ಉದ್ದೇಶ, ಸೇಡು ತೀರಿಸಿಕೊಳ್ಳುವುದಲ್ಲ. ಉತ್ತರಮೇರೂರಿನ ಗೋಡೆಯ ಮೇಲಿದ್ದ ಬರಹದಂತೆ ಇದೂ ಎಲ್ಲರ ಕಣ್ಣಿಗೆ ಬೀಳುವ ಬರಹ.

ನೀವು ಅಡ್ಮಿನ್ ಆದಾಗ

ಈಗ ನಿಮ್ಮ ಗುಂಪಿಗೆ ಬರೋಣ. ಗುಂಪು ಮಾಡಿದ ದಿನವೇ ನಾಲ್ಕು ಸಾಲಿನ ನಿಯಮ ಬರೆದು ಎಲ್ಲರಿಗೂ ಕಾಣುವಲ್ಲಿ ಹಾಕಿ: ಗುಂಪು ಯಾತಕ್ಕಾಗಿ, ಏನು ಹಾಕಬಾರದು, ಹಾಕಿದರೆ ಏನಾಗುತ್ತದೆ, ದೂರು ಯಾರಿಗೆ ಹೇಳಬೇಕು. ತೊಂದರೆ ಕೊಡುವವರೊಂದಿಗೆ ಮೊದಲು ಖಾಸಗಿಯಾಗಿ ಮಾತಾಡಿ. ಎಲ್ಲರ ಮುಂದೆ ಬೈದರೆ ಮೈಕು ಕಿರುಚುತ್ತದೆ. ಕೇಳದಿದ್ದರೆ ಗುಂಪಿನಲ್ಲಿ ಒಮ್ಮೆ ಎಚ್ಚರಿಕೆ ಕೊಡಿ. ಆಮೇಲೂ ನಡೆದರೆ ಒಂದು ವಾರದ ಮಟ್ಟಿಗೆ ತೆಗೆಯಿರಿ. ಏಕೆ ತೆಗೆದಿರಿ ಎಂದು ಗುಂಪಿಗೂ ಅವರಿಗೂ ತಿಳಿಸಿ, ಎಂಟನೆಯ ದಿನ ಮರೆಯದೆ ಮತ್ತೆ ಸೇರಿಸಿ. ಜಗಳ ನಿಮ್ಮೊಂದಿಗೇ ಆಗಿದ್ದರೆ ತೀರ್ಮಾನವನ್ನು ಇನ್ನೊಬ್ಬ ಅಡ್ಮಿನ್ನರಿಗೆ ಬಿಡಿ. ಗುಂಪಿನಿಂದ ಹೊರಗಿರುವವರಿಗೂ ಪರೀಕ್ಷೆಯ ದಿನಾಂಕದಂಥ ಸುದ್ದಿ ತಲುಪುವಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಕೊನೆಯದಾಗಿ ನಿಮಗೊಂದು ಚಟುವಟಿಕೆ. ನಿಮ್ಮ ತರಗತಿಯಲ್ಲಿ ಐದೈದು ಜನರ ತಂಡ ಮಾಡಿಕೊಂಡು, ತರಗತಿಯ ಗುಂಪಿಗೆ ನಿಯಮಗಳನ್ನು ಬರೆಯಿರಿ. ಬರೆದಾದ ಮೇಲೆ ತಂಡಗಳು ಕಾಗದ ಬದಲಿಸಿಕೊಳ್ಳಲಿ. ಪ್ರತಿ ತಂಡವೂ ತನ್ನ ಕೈಗೆ ಬಂದ ನಿಯಮವನ್ನು, ಗುಂಪಿನಿಂದ ಹೊರಗೆ ಹಾಕಿಸಿಕೊಂಡ ವಿದ್ಯಾರ್ಥಿಯ ಜಾಗದಲ್ಲಿ ಕೂತು ಓದಲಿ. ಅವನಿಗೆ ಕಾರಣ ತಿಳಿಯಿತೇ, ಅವಧಿ ತಿಳಿಯಿತೇ, ಹಿಂದಿರುಗುವ ದಾರಿ ಕಂಡಿತೇ ಎಂದು ಪರೀಕ್ಷಿಸಿ. ಯಾವುದು ಇಲ್ಲವೋ ಅದನ್ನು ಸೇರಿಸಿ ಕಾಗದವನ್ನು ಹಿಂದಿರುಗಿಸಿ.